ಹಕ್ಕಿಗಿಟ್ಟ ಹೆಸರು

ತಲೆ ಅಲ್ಲಾಡಿಸಬಾರದಿತ್ತು ಎನ್ನುವುದು ಲಗಮವ್ವನಿಗೆ ಖಾತ್ರಿಯಾದದ್ದು ಗಾಡಿ ಆಂಬೋಲಿ ಘಾಟಿನ ಇಳಿಜಾರಿಗೆ ಬಿದ್ದಾಗ. ಅಲ್ಲಿಯತನಕ ಹೇಗಾದರೂ ಈ ಪ್ರವಾಸ ತಪ್ಪೀತು ಎಂಬ ಆಸೆಯೊಂದು ಅವಳೊಳಗೆ ಕೂತೇ ಇತ್ತು. ಇಚಲಕರಂಜಿಯಲ್ಲಿ ಗಾಡಿ ಚಾಲೂ ಆಗದೆ ಇರಬಹುದಿತ್ತು, ಕಾಗಲದ ಹತ್ತಿರ ಟೈರು ಒಡೆಯಬಹುದಿತ್ತು, ಗಡಹಿಂಗ್ಲಜದಲ್ಲಿ ಗಣಪತ ಸರ್ ಅವರಿಗೆ ಸಣ್ಣಗೆ ಜ್ವರವಾದರೂ ಬಂದಿರಬಹುದಿತ್ತು. ಆದರೆ ಸರ್ ಬೆಳಗಿನ ಮಬ್ಬಿನಲ್ಲೇ ರಸ್ತೆಗೆ ಬಂದು, ಅವಳೇ ಹೊಲಿದ, ಕಿಸೆಯೊಳಗೆ ಕಿಸೆಯಿರುವ ಜಾಕೀಟು ತೊಟ್ಟು, ಕೊರಳಿಗೆ ದುರ್ಬೀನು ಹಾಕಿಕೊಂಡು ಮದುಮಗನ ಹಾಗೆ ನಿಂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಹಿರಾಬಾಯಿ, ಎರಡೂ ಮೊಣಕಾಲಿಗೆ ಪಟ್ಟಿ ಬಿಗಿದು, ರೊಟ್ಟಿಯ ಗಂಟನ್ನು ಕೂಸಿನ ಹಾಗೆ ಅವಚಿಕೊಂಡು. ಇಬ್ಬರೂ ಹತ್ತಿದರು. ಗಾಡಿ ಆಜರಾ ದಾಟಿತು. ಇನ್ನು ಸಮುದ್ರ ಬರುವುದೊಂದೇ ಬಾಕಿ.

ಅವಳ ತಲೆ ಅವಳ ಮಾತು ಕೇಳುತ್ತಿರಲಿಲ್ಲ. ಯಾರು ಏನು ಕೇಳಿದರೂ, ಕೇಳುವುದು ಮುಗಿಯುವ ಮೊದಲೇ ಅದು ಹೌದೆಂದುಬಿಡುತ್ತಿತ್ತು. ಒಮ್ಮೆ ಕೊಲ್ಹಾಪುರದಿಂದ ಇಚಲಕರಂಜಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರು 'ಕೊರೋಚಿ ಕಾ?' ಎಂದಾಗ ತಲೆ ಆಡಿಹೋಗಿ, ಕೊಟ್ಟ ಮಾತಿಗೆ ತಪ್ಪಬಾರದೆಂದು ಒಂದು ಊರು ಮೊದಲೇ, ಕೊರೋಚಿಯಲ್ಲೇ ಇಳಿದು, ಮಗ್ಗಗಳ ಖಟಖಟದ ನಡುವೆ ಉಳಿದ ದಾರಿಯನ್ನು ನಡೆದೇ ಬಂದಿದ್ದಳು. ಈಗಿನದೂ ಅದೇ ಜಾತಿಯದು. ಅವಳು ಕೆಲಸಕ್ಕಿದ್ದ ಶುಭಾಂಗಿ ವೈನಿಯ ಹೊಲಿಗೆಯ ಅಂಗಡಿಗೆ, ತಮ್ಮ ಪಕ್ಷಿ ಮಂಡಳದವರಿಗೆ ಜಾಕೀಟು ಬೇಕೆಂದು ಬಂದಿದ್ದ ನಿವೃತ್ತ ಮಾಸ್ತರ ಗಣಪತ ಸರ್ ಕಿಸೆಯ ಹೊಲಿಗೆ ನೋಡಿ ಮೆಚ್ಚಿ ಇದು ಯಾರ ಕೈ ಎಂದು ಕೇಳಿದ್ದರು. 'ನಮ್ಮ ಲಗಮೀದ್ರಿ. ನಿಮ್ಮ ಗಡಹಿಂಗ್ಲಜ ಕಡೇ ಧನಗರರ ಹುಡುಗಿ, ಕುರಿ ಕಾಯೋ ಮಂದಿ' ಎಂದಿದ್ದಳು ವೈನಿ. ಸರ್ ಅವರ ಕಣ್ಣು ಅಗಲವಾದವು. 'ಹಂಗಾರ ನೀವು ಬಯಲಾಗ ಬೆಳದವರು. ಪಕ್ಷಿ ಎಲ್ಲಾ ನಿಮಗ ಗೊತ್ತ ಇರಬೇಕಲ್ರಿ?' ನೀವು ಎಂದರೆ ಯಾರೆಂದು ಲಗಮವ್ವ ಹಿಂದೆ ತಿರುಗಿ ನೋಡಿದಳು. ಹಿಂದೆ ಓವರ್‌ಲಾಕ್ ಮಶೀನೊಂದೇ ಇತ್ತು. ತಿರುಗಿದ ಮುಖ ಮತ್ತೆ ಮುಂದಕ್ಕೆ ಬರುವಷ್ಟರಲ್ಲಿ ತಲೆ ತನ್ನ ಕೆಲಸ ಮಾಡಿ ಮುಗಿಸಿತ್ತು. ಹಾಗಾದರೆ ಹಕ್ಕಿ ನೋಡಲು ನಮ್ಮ ಜೊತೆ ಸಮುದ್ರಕ್ಕೆ ಬರಬೇಕು ಎಂದದ್ದಕ್ಕೂ ಅದೇ ಆಡಿತು.

ಅವಳಿಗೆ ಗೊತ್ತಿದ್ದದ್ದು ಕಾಗೆ, ಗುಬ್ಬಿ, ಕೋಳಿ. ಹದ್ದೂ ಗೊತ್ತಿತ್ತು, ಆದರೆ ಕೋಳಿಮರಿಯ ಸಂಬಂಧದಲ್ಲಿ ಮಾತ್ರ. ಕುರಿಯ ಹಿಂದೆ ಹೋದವರ ಕಣ್ಣು ನೆಲದ ಮೇಲಿರುತ್ತದೆ, ಮರಿ ಎಲ್ಲಿ ಹಿಂದುಳಿಯಿತು, ಯಾವ ಮುಳ್ಳಿಗೆ ಉಣ್ಣೆ ಸಿಕ್ಕಿತು ಎಂದು. ಒಂದೇ ಒಂದು ದಿನ ಅವಳು ಕತ್ತೆತ್ತಿ ಮೇಲೆ ನೋಡುತ್ತ ನಿಂತಿದ್ದಳು, ಹಕ್ಕಿಯನ್ನಲ್ಲ, ವಿಮಾನವನ್ನು. ಅಷ್ಟರೊಳಗೆ ಇಡೀ ಹಿಂಡು ಪಾಟೀಲರ ಕಬ್ಬಿನೊಳಗಿತ್ತು, ಅಪ್ಪನ ಕೋಲು ಅವಳ ಬೆನ್ನಿನ ಮೇಲಿತ್ತು. ಆಕಾಶದ ಜೊತೆಗಿನ ಅವಳ ಒಡನಾಟ ಅಲ್ಲಿಗೆ ಮುಗಿದಿತ್ತು. ಇದನ್ನೆಲ್ಲ ಹೇಳಬೇಕಿತ್ತು. ಹೇಳಲು ಬಾಯಿ ಬೇಕಿತ್ತು. ಶಾಲೆಯಲ್ಲಿ ಗುರುಗಳು ಹಾಜರಿ ಕೂಗುವಾಗ ತನ್ನ ಹೆಸರು ಬರುವ ಮೊದಲು ಅವಳು ಮನಸ್ಸಿನಲ್ಲಿ 'ಹಜರ್' ಎನ್ನುವುದನ್ನು ಉರುಹೊಡೆಯುತ್ತಿದ್ದಳು, ಹೆಸರು ಬಂದಾಗ ಗಂಟಲು ಮುಚ್ಚುತ್ತಿತ್ತು, ಮೊದಲ ಬೆಂಚಿನಲ್ಲಿ ಗುರುಗಳ ಕಣ್ಣೆದುರೇ ಕೂತು ವರ್ಷಪೂರ್ತಿ ಗೈರುಹಾಜರಾಗಿದ್ದಳು. ಹೋದರೂ ಹೋಗದ ಲೆಕ್ಕವೇ ಆದರೆ ಹೋಗುವುದ್ಯಾಕೆ ಎಂದು ಅಪ್ಪ ಏಳನೆಯ ತರಗತಿಗೇ ಬಿಡಿಸಿದ. ನ್ಯಾಯವಾದ ಮಾತೆಂದು ಅವಳಿಗೂ ಅನಿಸಿತ್ತು. ತಲೆ ಆಡಿಸಿದ್ದಳು.

ಮುಂದಿನ ಸೀಟಿನಿಂದ ಹೊರಳಿ ಕೂತು ಸರ್ ಹೇಳುತ್ತಿದ್ದರು. ಮಂಡಳದ ಉಳಿದವರೊಂದಿಗೆ ಮರಾಠಿಯಲ್ಲಿ ಮಾತಾಡುತ್ತಿದ್ದವರು ಅವಳ ಕಡೆ ತಿರುಗಿದ ಕೂಡಲೇ ಕನ್ನಡಕ್ಕೆ ಬರುತ್ತಿದ್ದರು. ಅವಳಿಗೆ ಮರಾಠಿ ನೀರು ಕುಡಿದಷ್ಟು ಸರಾಗ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವಳಂತೂ ಹೇಳುವ ಪ್ರಶ್ನೆಯೇ ಇರಲಿಲ್ಲ. 'ಈ ಕುರವ ಪಕ್ಷಿ ಅದಾವಲ್ರಿ, ಕಡಲ ಹಕ್ಕಿ, ಇವು ಥಂಡೀ ಕಳೀಲಿಕ್ಕೆ ನಮ್ಮ ದಂಡಿಗೆ ಬಂದಾವ. ಈಗ ಬ್ಯಾಸಗಿ ಸುರುವಾತು. ತವರಮನಿಗೆ ಹೊಂಟಾವ. ಬಾಳಂತನ ಎಲ್ಲಾ ಅಲ್ಲೇ. ಹಿಮಾಲಯದ ಆಚೇಕ, ಭಾಳ ದೂರ.' ತವರು ಎಂಬ ಮಾತು ಕಿವಿಗೆ ಬಿದ್ದದ್ದೇ ಲಗಮವ್ವ ಕಿಟಕಿಯ ಕಡೆ ಮುಖ ಮಾಡಿದಳು. ಹೊರಗೆ ಮಂಜು, ಕೋತಿಗಳು, ಮುರಿದ ಕಟ್ಟೆ. ಅವಳ ಚಿಕ್ಕಂದಿನಲ್ಲಿ, ಹಣೆಯ ಮೇಲೆ ಚಂದ್ರನ ತುಂಡಿನಂಥ ಬಿಳಿ ಇದ್ದ ಕುರಿಯೊಂದು, ಅವಳು ಶಾಲೆಯಿಂದ ಬರುವುದನ್ನು ಹಟ್ಟಿಯ ಬೇಲಿಯ ಹತ್ತಿರ ನಿಂತು ಕಾಯುತ್ತಿದ್ದದ್ದು, ಒಂದು ದಿನ ಇರಲಿಲ್ಲ. ಚಂದರಿ ಎಲ್ಲಿ ಎಂದು ಕೇಳಿದರೆ ಅಪ್ಪ ಕೋಲು ಹೆರೆಯುತ್ತ 'ತವರಿಗೆ ಹೋಗ್ಯಾಳವ್ವಾ' ಎಂದಿದ್ದ. ಯಾವಾಗ ಬರ್ತಾಳ? 'ಪಂಚಮಿ ಮುಗಿಸಿಕೊಂಡ ಬರ್ತಾಳ.' ಅವ್ವ ಒಲೆಯ ಕಡೆಯಿಂದ ತಿರುಗಲೇ ಇಲ್ಲ. ಪಂಚಮಿ ಬಂತು, ಜೋಕಾಲಿ ಕಟ್ಟಿದರು, ಬಿಚ್ಚಿದರು. ಯಾರ ತವರು, ಎಲ್ಲಿಯ ತವರು ಎಂದು ಅವಳು ಮತ್ತೆ ಕೇಳಲಿಲ್ಲ. ಗೊತ್ತಾಗಿತ್ತು. ಆದ್ದರಿಂದಲೇ ಈಗ, ಹಿಮಾಲಯದ ಆಚೆಯ ಸುದ್ದಿ ಹೇಳುವ ಸರ್ ಅವರ ಸ್ವಚ್ಛ ಬಿಳಿ ಮೀಸೆಯನ್ನು ಅವಳು ಸ್ವಲ್ಪ ಸಂಶಯದಿಂದಲೇ ನೋಡಿದಳು.

ಗಾಡಿ ಓಡಿಸುತ್ತಿದ್ದವನು ಯಲಗೂರಪ್ಪ, ಕಾಗಲದವನು, ಎಲೆ ಅಡಿಕೆ ಜಗಿಯುತ್ತ ಕನ್ನಡಿಯಲ್ಲಿ ಎಲ್ಲರನ್ನೂ ನೋಡುತ್ತಿದ್ದ. ಹಿಂದಿನ ಸೀಟಿನಲ್ಲಿ ಕೊಲ್ಹಾಪುರದ ಋಷಿಕೇಶ, ಮೊಳದುದ್ದದ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದ. ಲಗಮವ್ವನ ಪಕ್ಕದಲ್ಲಿ ಶುಭಾಂಗಿ ವೈನಿ. ಅಷ್ಟೇ ಜನ. ಬೇರೆಯವರು ಬರುವೆನೆಂದು ಕಡೆಯ ಗಳಿಗೆಗೆ ತಪ್ಪಿಸಿಕೊಂಡಿದ್ದರು. ಅಂಥ ಜಾಣತನ ಮನುಷ್ಯರಿಗೆ ಎಲ್ಲಿಂದ ಬರುತ್ತದೆಯೋ.

ವೆಂಗುರ್ಲಾ ದಾಟಿ, ಹೊಳೆಯೊಂದು ಸಮುದ್ರಕ್ಕೆ ಸೇರುವಲ್ಲಿ ಗಾಡಿ ನಿಂತಿತು. ಸೂಜಿಯಂಥ ಎಲೆಯ ಸುರುವಿನ ಮರಗಳ ಸಾಲು, ಅದರಾಚೆ ಉಸುಕು, ಅದರಾಚೆ ನೋಡಿದಷ್ಟೂ ಮುಗಿಯದ ನೀರು. ಲಗಮವ್ವ ಸಮುದ್ರವನ್ನು ನೋಡಿದ್ದು ಇದೇ ಮೊದಲು. ಏನಾದರೂ ಅನಿಸಬೇಕು ಎಂದು ನಿಂತಳು. ಅನಿಸುವ ಮೊದಲೇ ಸರ್ ದುರ್ಬೀನು ತೆಗೆದು ಅವಳ ಕೊರಳಿಗೆ ಹಾಕಿದರು. 'ನೋಡ್ರಿ, ನೋಡ್ರಿ.' ಅವಳು ಕಣ್ಣಿಗೆ ಹಿಡಿದಳು. ಕಂಡದ್ದು ಕಪ್ಪು ಗುಂಡಗಿನ ಕತ್ತಲೆ, ಅದರಲ್ಲಿ ಹುಲ್ಲಿನ ಹಾಗೆ ಆಡುತ್ತಿದ್ದ ತನ್ನವೇ ರೆಪ್ಪೆಗೂದಲು. 'ಕಂಡವೇನ್ರಿ?' ಕಂಡವು ಎಂದು ತಲೆಯಾಡಿಸಿದಳು. ಆಮೇಲೆ ಸರ್ ಮೂರು ಕಾಲಿನ ದೊಡ್ಡ ದುರ್ಬೀನನ್ನು ಉಸುಕಿನಲ್ಲಿ ಊರಿ, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ತಿರುಗಿಸಿ ತಿರುಗಿಸಿ, ಉಸಿರು ಬಿಗಿಹಿಡಿದು, 'ಬರ್ರಿ, ಲಗೂನ ಬರ್ರಿ' ಎಂದರು. ಅವಳು ಬಗ್ಗಿದಳು. ಈ ಸಲ ನಿಜವಾಗಿಯೂ ಕಂಡಿತು, ಒದ್ದೆ ಉಸುಕು, ಸಣ್ಣ ಸಣ್ಣ ಗುಳ್ಳೆ. 'ಭಾಳ ಛಲೋ ಐತ್ರಿ' ಎಂದಳು, ಸಮುದ್ರದ ಸಪ್ಪಳದಲ್ಲಿ ಅಷ್ಟಾದರೂ ದನಿ ಬಂದದ್ದಕ್ಕೆ ತಾನೇ ಆಶ್ಚರ್ಯಪಟ್ಟು. ಬರಿಗಣ್ಣಿನಿಂದ ನೋಡುತ್ತಿದ್ದ ಋಷಿಕೇಶ ಆಕಳಿಸುತ್ತ, 'ಅದು ಹಾರಿ ಹೋಗಿ ಆಗಲೇ ಹೊತ್ತಾತಲ್ಲ. ಛಲೋ ಏನಿತ್ತು?' ಎಂದ. ಶುಭಾಂಗಿ ವೈನಿ ಅವಳ ಮೊಣಕೈಯನ್ನು ಮೆಲ್ಲಗೆ ಚಿವುಟಿದಳು. ಮಂಡಳದಲ್ಲಿ ವೈನಿ ಇನ್ನೂ ಜಾಕೀಟು ಹೊಲಿಸಿಕೊಡುವ ಹೆಂಗಸು ಮಾತ್ರವಾಗಿದ್ದಳು. ಇವತ್ತು ಲಗಮವ್ವನ ಮೂಲಕ ಅದಕ್ಕಿಂತ ಮೇಲೆ ಏರಬೇಕಾಗಿತ್ತು.

ದುರ್ಬೀನು ಇಳಿಸಿದ ಮೇಲೆ ಲಗಮವ್ವ ಅವನ್ನು ಸರಿಯಾಗಿ ಕಂಡಳು. ಹೊಳೆಯ ಬಾಯಿಯಲ್ಲಿ, ಇಳಿದ ನೀರು ಬಿಟ್ಟುಹೋದ ಉಸುಕಿನ ದಿಬ್ಬದ ಮೇಲೆ ಹಿಂಡಿಗೆ ಹಿಂಡೇ ಕೂತಿತ್ತು. ಎಲ್ಲವೂ ಗಾಳಿಗೆ ಎದುರಾಗಿ ಒಂದೇ ಕಡೆ ಮುಖ ಮಾಡಿ, ಮೈಯನ್ನು ಮೈಗೆ ಸೇರಿಸಿ, ಕಣ್ಣು ಅರೆಮುಚ್ಚಿ. ಅವಳಿಗೆ ಒಂದು ಕ್ಷಣ ಕಾಲಿನ ಕೆಳಗಿನ ನೆಲ ಬದಲಾದ ಹಾಗಾಯಿತು. ಅರೆ, ಇದು ಮಧ್ಯಾಹ್ನ ಮೆಲುಕು ಹಾಕುತ್ತ ಮಲಗಿದ ಕುರಿ. ಬದಿಗೆ ಒಂದು ತಲೆ ಎತ್ತಿ ಕಾವಲು ನಿಂತಿದೆ. ನಡುವೆ ಒಂದು ಸುಮ್ಮನೆ ಎದ್ದು ಪಕ್ಕದವಳನ್ನು ಹಾಯ್ದು ಅವಳ ಜಾಗದಲ್ಲಿ ಕೂಡುತ್ತದೆ. ಅಂಥವಳೊಬ್ಬಳು ಎಲ್ಲ ಹಿಂಡಿನಲ್ಲೂ ಇರುತ್ತಾಳೆ. ಸರ್ ಅದೇ ಗಳಿಗೆಯಲ್ಲಿ ಫೋನಿನಲ್ಲಿ ರೆಕಾರ್ಡು ಹಚ್ಚಿ, ಪ್ರಸಾದ ಹಿಡಿದಂತೆ ಅವಳ ಬಾಯಿಯ ಹತ್ತಿರ ಹಿಡಿದು ಕೇಳಿದರು: 'ಆ ಮುಂದಿಂದು, ಅದಕ್ಕ ನಿಮ್ಮ ಧನಗರರಾಗ ಏನಂತಾರ್ರಿ?'

ಮುಂದಿನದು ಕತ್ತಿನ ತನಕ ಮುಖವನ್ನು ಕಾಡಿಗೆಯಲ್ಲಿ ಅದ್ದಿ ತೆಗೆದ ಹಾಗಿತ್ತು. ದುಂಡಗಿನ ಕಣ್ಣಿನಿಂದ ಓರೆಯಾಗಿ, ನಿನ್ನ ಕೈಯಲ್ಲಿ ತಿನ್ನುವುದೇನಿದೆ ಎನ್ನುವಂತೆ ಅವಳನ್ನು ನೋಡಿತು. ಆ ನೋಟ ಅವಳಿಗೆ ಪರಿಚಯದ್ದು. 'ಕರಿಮೋರಿ' ಎಂದಿತು ಅವಳ ಬಾಯಿ.

ಸರ್ ಎದೆಯ ಮೇಲೆ ಕೈಯಿಟ್ಟುಕೊಂಡರು. 'ಹಿರಾ, ಐಕಲಸ ಕಾ, ಕೇಳಿದೇನು? ಕರಿಮೋರಿ! ಕರೇ ಮಾರೀದು! ನಮ್ಮ ಪುಸ್ತಕದಾಗೂ ಇದು ಕರೇ ತಲೀ ಕುರವ ಅಂತ ಐತಿ. ಅಂದರ ನೋಡ, ಈ ಮಂದಿ ಯಾವ ಕಾಲದಿಂದ ನೋಡಕೋತ ಬಂದಾರು!' ಅವರ ಕಣ್ಣು ತುಂಬಿದ್ದವು. ತನ್ನ ಒಂದು ಮಾತಿನಿಂದ ಒಬ್ಬ ದೊಡ್ಡ ಮನುಷ್ಯನ ಕಣ್ಣು ತುಂಬಿದ್ದನ್ನು ಲಗಮವ್ವ ಜೀವಮಾನದಲ್ಲಿ ಮೊದಲ ಸಲ ನೋಡಿದಳು. ಭಯವಾಯಿತು, ಭಯದ ಕೆಳಗೆ ಸಣ್ಣದಾಗಿ ಸಿಹಿಯೂ ಆಯಿತು.

'ಮತ್ತ ಬಾಜೂದು?'

ಬಾಜೂದರ ತಲೆ ಇನ್ನೂ ಬಿಳಿ, ಹಣೆಯ ಹತ್ತಿರ ಮಾತ್ರ ನೆರಳಿನ ಗೆರೆ ಬಿದ್ದು ನಡುವೆ ಬಿಳಿಯ ತುಂಡೊಂದು ಹೊಳೆಯುತ್ತಿತ್ತು. 'ಚಂದರಿ.'

'ಅರೆರೆ! ಜಾತಿ ಎರಡೂ ಒಂದ, ಇದಕ್ಕ ಇನ್ನಾ ಹೊಸಾ ಪುಕ್ಕ ಬಂದಿಲ್ಲ ಅಷ್ಟ. ಅದಕ್ಕೂ ಬ್ಯಾರೆ ಹೆಸರ ಇಟ್ಟಾರ! ಅದರ ಹಿಂದಿಂದು?'

'ಬೂದಿ.'

'ಅದು ಹೆಣ್ಣೇನ್ರಿ?' ತಲೆ ಆಡಿತು. 'ಹಂಗಾರ ಈ ಒಂದ ಕಾಲಮ್ಯಾಲೆ ನಿಂತಿದ್ದು?'

'ಕುಂಟಮಲ್ಲಿ.'

'ಒಂದ ಕಾಲಮ್ಯಾಲೆ ನಿಂತರ ಅದಕ್ಕೂ ಬ್ಯಾರೆ ಹೆಸರ!' ಸರ್ ಕುಣಿಯುವುದೊಂದು ಬಾಕಿ.

ಕರಿಮೋರಿಯ ಹಾಗೇ ಇದ್ದ ಇನ್ನೊಂದನ್ನು ಅವರು ತೋರಿಸಿದಾಗ ಲಗಮವ್ವನಿಗೆ ತಡೆಯಿತು. ಕರಿಮೋರಿ ಎಂದುಬಿಟ್ಟರೆ ಮುಗಿಯುತ್ತಿತ್ತು, ಸರ್ ಅದನ್ನೇ ಕಾಯುತ್ತಿದ್ದರು. ಆದರೆ ಕರಿಮೋರಿ ಅಲ್ಲಿ ಇದ್ದಾಳಲ್ಲ, ಕಣ್ಣೆದುರಿಗೇ, ಇವಳನ್ನೂ ಅದೇ ಹೆಸರಿನಿಂದ ಕರೆಯುವುದು ಹೇಗೆ? ಒಬ್ಬರ ಹೆಸರನ್ನು ಇನ್ನೊಬ್ಬರಿಗೆ ಕೊಟ್ಟು ಹಿಂಡನ್ನು ಕೆಡಿಸಿದ ಪಾಪ ಬೇಡ ಎನಿಸಿ, 'ಸಂಕವ್ವ' ಎಂದಳು. ಸುಳ್ಳಿನ ಒಳಗೆ ನಿಂತೂ ಅವಳು ಸುಳ್ಳು ಹೇಳಲಾರದೆ ಒದ್ದಾಡುತ್ತಿದ್ದಳು. ಉಸುಕಿನ ಮೇಲೆ ಟುಕುಟುಕು ಓಡುವ ಸಣ್ಣ ಹಕ್ಕಿಯನ್ನು ಕೇಳಿದಾಗ, ತಮ್ಮ ಹಿಂಡಿನ ಎಲ್ಲಕ್ಕಿಂತ ಸಣ್ಣ ಕುರಿಯ ಹೆಸರು ಗುಬ್ಬಿ ಎಂಬುದು ನಾಲಿಗೆಯ ತುದಿಗೆ ಬಂದು, ಅದನ್ನು ಹೇಳಿದರೆ ಸರ್ ಅವರಿಗೂ ಗೊತ್ತಾಗಿಹೋಗುತ್ತದೆಂದು ನುಂಗಿಕೊಂಡಳು. 'ನಾ ಹೇಳಿದ್ದಿಲ್ಲರಿ ಸರ? ಈ ಪೋರಿ ಬಾಯಿ ತಗಿಯೂದಿಲ್ಲ, ತಗದರ ಹಿಂಗ' ಎಂದು ವೈನಿ ಸೆರಗು ಸರಿಮಾಡಿಕೊಂಡಳು. ಆಗ ಹಿಂದಿನಿಂದ ಯಾರೋ ಕೆಮ್ಮಿದರು. ಯಲಗೂರಪ್ಪ. ಯಾವಾಗ ಬಂದು ನಿಂತಿದ್ದನೋ. ಬಾಯಿಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕೆನ್ನೆಗೆ ಒತ್ತರಿಸಿ, ಹಕ್ಕಿಗಳನ್ನಲ್ಲ, ಅವಳನ್ನೇ ನೋಡುತ್ತಿದ್ದ.

ಊಟಕ್ಕೆ ಸುರುವಿನ ನೆರಳಿನಲ್ಲಿ ಕೂತರು. ಹಿರಾಬಾಯಿ ಕಾಲು ಮಡಚಲಾಗದೆ, ಎರಡನ್ನೂ ಮುಂದಕ್ಕೆ ಚಾಚಿ ಕೂತು ಎಲ್ಲರಿಗೂ ರೊಟ್ಟಿ ಹಂಚಿದರು. ಲಗಮವ್ವನಿಗೆ ಒಂದು ಹೆಚ್ಚಿಗೆ ಇಟ್ಟು, 'ತಿನ್ನ ಮಗಳ, ಎಷ್ಟ ಮಾತಾಡಿದಿ' ಎಂದರು. ಅವಳು ಎಲ್ಲರಿಂದ ಸ್ವಲ್ಪ ದೂರ ಕೂತಿದ್ದಳು. ಯಲಗೂರಪ್ಪ ತನ್ನ ಪಾಲಿನ ರೊಟ್ಟಿ ಹಿಡಿದುಕೊಂಡು ಬಂದು ಪಕ್ಕದ ಬೊಡ್ಡೆಯ ಮೇಲೆ ಕೂತ. ರೊಟ್ಟಿ ಮುರಿದು ತಿಂದ. ಆಮೇಲೆ ಸಮುದ್ರದ ಕಡೆ ನೋಡುತ್ತಲೇ ಸಣ್ಣಗೆ, 'ನಿಮ್ಮ ಕರಿಮೋರಿ ಎಷ್ಟ ಸೂಲ ಈದಿತ್ತ, ತಂಗಿ?' ಎಂದ.

ರೊಟ್ಟಿ ಗಂಟಲಿಗೆ ಸಿಕ್ಕಿತು.

'ನಮ್ಮಪ್ಪನ ಹಿಂಡಿನ್ಯಾಗೂ ಒಂದ ಕರಿಮೋರಿ ಇತ್ತ. ಹಲಕಟ್ಟ. ಒಗದಿದ್ದ ಅರಿವಿ ತಿಂತಿತ್ತ. ನನ್ನ ಲಗ್ನದ ಪಟಕಾ ತಿಂದೈತಿ.' ನೀರಿನ ಬಾಟಲಿಯನ್ನು ಅವಳ ಕಡೆ ದೂಡಿದ. 'ಅಂಜಬ್ಯಾಡ ತಗೋ. ನಾ ಯಾಕ ಹೇಳಲಿ? ಆ ಮಾಸ್ತರ ಎಷ್ಟ ಖುಷಿ ಆಗ್ಯಾನ ನೋಡ. ಪಾಪ, ಸಾಲ್ಯಾಗ ಹುಡಗೂರ ಇಂವನ ಮಾತ ಕೇಳಿರಾಕಿಲ್ಲ.'

ಹೇಳುವುದಿಲ್ಲ ಎಂದನಲ್ಲ ಎನ್ನುವ ಸಮಾಧಾನ ಒಂದು ತುತ್ತಿನ ಕಾಲವೂ ಉಳಿಯಲಿಲ್ಲ. ಸರ್ ಕೈ ತೊಳೆದು ಎದ್ದುನಿಂತು, ಗಂಟಲು ಸರಿಮಾಡಿಕೊಂಡು ಸಾರಿದರು: ಬರುವ ತಿಂಗಳು ಕೊಲ್ಹಾಪುರದಲ್ಲಿ ಮಂಡಳದ ಕಾರ್ಯಕ್ರಮ, ದೊಡ್ಡ ಸಭಾಗೃಹ, ಅಲ್ಲಿ ಧನಗರರ ಪಕ್ಷಿಜ್ಞಾನದ ಬಗ್ಗೆ ಲಗಮವ್ವನವರು ಮಾತಾಡುತ್ತಾರೆ, ಋಷಿಕೇಶ ಚಿತ್ರಗಳನ್ನು ಪರದೆಯ ಮೇಲೆ ತೋರಿಸುತ್ತಾನೆ. ವೈನಿ ಚಪ್ಪಾಳೆ ತಟ್ಟಿದಳು. 'ಸೀರಿ ನಾ ಕೊಡಸ್ತೇನಿ' ಎಂದಳು. ಲಗಮವ್ವ ಕಂಡದ್ದು ಸಭಾಗೃಹವನ್ನಲ್ಲ, ಮೊದಲ ಬೆಂಚನ್ನು. ವೇದಿಕೆಯ ಮೇಲೆ ಯಾರೋ ಅವಳ ಹೆಸರು ಕೂಗುತ್ತಾರೆ. ಅವಳು ಅಲ್ಲೇ ಇರುತ್ತಾಳೆ, ಹೊಸ ಸೀರೆಯಲ್ಲಿ, ಗಂಟಲು ಮುಚ್ಚಿಕೊಂಡು. ಪರದೆಯ ಮೇಲೆ ಕರಿಮೋರಿ ಅವಳನ್ನು ಓರೆಗಣ್ಣಿನಿಂದ ನೋಡುತ್ತಿರುತ್ತದೆ. ಸಭೆಯ ಕಡೆಯ ಸಾಲಿನಲ್ಲಿ ಯಾರೋ ಒಬ್ಬ ಕುರಿಗಾರ ತಲೆಗೆ ಪಟಕಾ ಸುತ್ತಿಕೊಂಡು ಕೂತವನು ಎದ್ದು ನಿಲ್ಲುತ್ತಾನೆ. ಆಗುವುದಿಲ್ಲ ಎನ್ನಬೇಕು, ಈಗಲೇ, ಈ ಗಳಿಗೆಯಲ್ಲೇ ಎನ್ನಬೇಕು ಎಂದುಕೊಳ್ಳುತ್ತ ಅವಳು ತನ್ನ ತಲೆ ಮೆಲ್ಲಗೆ ಮೇಲಿಂದ ಕೆಳಕ್ಕೆ ಆಡುತ್ತಿರುವುದನ್ನು ಬೇರೆಯವರ ತಲೆಯನ್ನು ನೋಡಿದ ಹಾಗೆ ನೋಡಿದಳು.

'ಇನ್ನೊಬ್ಬರ ಬಾಯಿಂದ ಖಾತ್ರಿ ಮಾಡಕೋಬೇಕು. ಅದು ಶಾಸ್ತ್ರ' ಎಂದರು ಸರ್. ಸುತ್ತ ನೋಡಿದರು. 'ಯಲಗೂರಪ್ಪಾ, ನೀವೂ ಧನಗರ ಅಲ್ಲಾ? ಬರ್ರಿ ಇಲ್ಲೆ. ಅದು, ಆ ಕರೇ ತಲೀದು, ಅದಕ್ಕ ಏನಂತಾರ?'

ಯಲಗೂರಪ್ಪ ಅಂಗಿ ಜಾಡಿಸಿಕೊಂಡು ಎದ್ದ. ಲಗಮವ್ವನ ಕಡೆ ಒಮ್ಮೆ ನೋಡಿದ. 'ಹುಡುಗಿ ಹೇಳಿದ್ದ ಖರೇ ಐತ್ರಿ ಸರ. ಕರಿಮೋರಿ.' ಅವಳು ಉಸಿರು ಬಿಟ್ಟಳು. ಅಲ್ಲಿಗೆ ನಿಂತಿದ್ದರೆ ಅವನು ದೇವರಾಗುತ್ತಿದ್ದ. ಆದರೆ ಫೋನು ಬಾಯಿಯ ಮುಂದಿತ್ತು, ಋಷಿಕೇಶನೂ ಕ್ಯಾಮೆರಾ ತಿರುಗಿಸಿದ್ದ, ವರ್ಷಗಟ್ಟಲೆ ಇಂಥವರನ್ನು ಹೊತ್ತು ತಿರುಗಿದವನನ್ನು ಯಾರೂ ಏನೂ ಕೇಳಿರಲಿಲ್ಲ. 'ಗಡಹಿಂಗ್ಲಜ ಕಡೆ ಕರಿಮೋರಿ ಅಂತಾರ. ನಮ್ಮ ಕಾಗಲ ಕಡೆ ಇದಕ್ಕ ನಾಗೂಬಾಯಿ ಅಂತಾರ್ರಿ.'

'ನಾಗೂಬಾಯಿ? ಯಾಕ?'

'ನಡಗೀ ನೋಡ್ರಿ. ಕೈ ಹಿಂದ ಕಟಗೊಂಡ, ಯಾರ ಮನ್ಯಾಗ ಏನ ತಪ್ಪ ಐತಿ ಅಂತ ನೋಡಕೋತ ಹೊಂಟಂಗ. ಮತ್ತ ಒದರೂದ ಕೇಳ್ರಿ. ಒಮ್ಮಿ ಸುರುಮಾಡಿದರ ನಿಲ್ಲೂದಿಲ್ಲ.' ನಾಗೂಬಾಯಿ ಅವನ ಅತ್ತೆಯ ಹೆಸರೆಂದು ಬರುವಾಗ ಚಹಾದಂಗಡಿಯ ಮುಂದೆ ಫೋನಿನಲ್ಲಿ ಅವನು ಹೆಂಡತಿಯೊಂದಿಗೆ ಜಗಳಾಡುತ್ತಿದ್ದಾಗ ಲಗಮವ್ವ ಕೇಳಿಸಿಕೊಂಡಿದ್ದಳು. ಸರ್ ಮಾತ್ರ ಹಿರಣ್ಯಕೇಶಿಯ ಈಚೆಗೆ ಕರಿಮೋರಿ, ದೂಧಗಂಗೆಯ ಆಚೆಗೆ ನಾಗೂಬಾಯಿ ಎಂದು ಉಸುಕಿನ ಮೇಲೆ ಬೆರಳಿನಿಂದ ಎರಡು ಹೊಳೆಗಳನ್ನು ಬರೆದು ನಡುವೆ ಗೆರೆ ಎಳೆಯುತ್ತಿದ್ದರು. ಯಲಗೂರಪ್ಪ ಇನ್ನೂ ಎತ್ತರಕ್ಕೆ ಏರಿದ. 'ಮತ್ತ ಇದರ ನೆಣ ಭಾಳ ಔಷಧಿ ರೀ. ಬೆಚ್ಚಗ ಮಾಡಿ ಮೊಣಕಾಲಿಗೆ ತಿಕ್ಕಿದರ, ಮುದುಕೇರ ಓಡ್ಯಾಡ್ತಾರ.'

ಚಾಚಿದ ತನ್ನ ಕಾಲುಗಳ ಆಚೆಗೆ ಕೂತಿದ್ದ ಹಿಂಡನ್ನು ಹಿರಾಬಾಯಿ ನೋಡಿದ ರೀತಿ ಬದಲಾಯಿತು. ಬೆಳಗಿನಿಂದ ಗಂಡನ ಹುಚ್ಚೆಂದು ನೋಡುತ್ತಿದ್ದ ಹಕ್ಕಿಗಳನ್ನು ಈಗ ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ ನೋಡಿದರು. 'ಹಿರಾ!' ಎಂದರು ಸರ್. 'ನಾ ಏನ ಅಂದೆ?' ಎಂದರು ಹಿರಾಬಾಯಿ. 'ಎಲ್ಲಾ ಮಾತೂ ಖರೇ, ಮೊಣಕಾಲಿಂದ ಅಷ್ಟ ಸುಳ್ಳೇನು? ನಿಮ್ಮ ಶಾಸ್ತ್ರದಾಗ ಬರೀ ಹೆಸರ ಇರತಾವೇನು?' ರೆಕಾರ್ಡು ನಡೆದೇ ಇತ್ತು. 'ಈ ವಿಡಿಯೋ ಹಾಕಿದರ ನೋಡ ಹೆಂಗ ಓಡತದ' ಎಂದು ಋಷಿಕೇಶ ಮೊದಲ ಸಲ ಪೂರ್ತಿ ಎಚ್ಚರವಾಗಿ ಕ್ಯಾಮೆರಾ ನೋಡಿಕೊಂಡ. ಹಿರಾಬಾಯಿ ಲಗಮವ್ವನ ಕಡೆ ಕೈ ಚಾಚಿ, ಒಂದು ರೊಟ್ಟಿ ಹೆಚ್ಚು ಇಟ್ಟ ಅದೇ ಮೆತ್ತಗಿನ ದನಿಯಲ್ಲಿ ಕೇಳಿದರು: 'ನೀ ಹೇಳ ಮಗಳ. ನೀ ಸುಳ್ಳ ಹೇಳಾಕಿ ಅಲ್ಲ. ಆ ಬಿಳೀದು, ಚಂದರಿ, ಅದರ ನೆಣಾನೂ ನಡೀತದೇನು?'

ಚಂದರಿಯ ನೆಣ. ಆ ದಿನ ಅವ್ವ ಒಲೆಯ ಕಡೆಯಿಂದ ತಿರುಗಿರಲಿಲ್ಲ. ತವರಿಗೆ ಹೋಗ್ಯಾಳವ್ವಾ. ಲಗಮವ್ವನ ತಲೆ ಅಭ್ಯಾಸದಂತೆ ಕೆಳಗೆ ಇಳಿಯತೊಡಗಿತು, ಅರ್ಧಕ್ಕೆ ಬಂತು, ಅಲ್ಲಿ ಏನೋ ಅಡ್ಡ ಬಂದು ನಿಂತಿತು.

'ಚಂದರಿ ನಮ್ಮ ಕುರಿರೀ!'

ದನಿ ಎಲ್ಲಿಂದ ಬಂತೋ. ಕಬ್ಬಿಗೆ ನುಗ್ಗಿದ ಹಿಂಡನ್ನು ಹೊಲದ ಈ ತುದಿಯಿಂದ ಆ ತುದಿಗೆ ಕೂಗಿ ಕರೆಯುವ ದನಿ. ಹತ್ತಿರದ ಮರದಿಂದ ಕಾಗೆಗಳು ಎದ್ದವು. 'ಕರಿಮೋರೀನೂ ನಮ್ಮ ಕುರಿ. ಬೂದಿ, ಸಂಕವ್ವ, ಕುಂಟಮಲ್ಲಿ ಎಲ್ಲಾ ನಮ್ಮಪ್ಪನ ಕುರಿ ಹೆಸರ್ರಿ. ನನಗ ಹಕ್ಕಿ ಗೊತ್ತಿಲ್ಲ. ಒಂದೂ ಗೊತ್ತಿಲ್ಲ. ದುರ್ಬೀನಿನ್ಯಾಗ ನನಗ ಏನೂ ಕಾಣಲಿಲ್ರಿ, ನನ್ನ ರೆಪ್ಪಿ ಅಷ್ಟ ಕಂಡಾವ. ನೆಣ ಗಿಣ ಎಲ್ಲಾ ಸುಳ್ಳ. ನಾಗೂಬಾಯಿ ಇವರ ಅತ್ತಿ ರೀ!'

'ಅತ್ತಿ ವಿಷಯ ಯಾಕ ತಗದಿ ತಂಗಿ' ಎಂದು ಯಲಗೂರಪ್ಪ ಗೊಣಗಿದ. 'ನಾಳೆ ಈ ರೆಕಾರ್ಡ ಮನಿಗೆ ಮುಟ್ಟಿದರ ನನ್ನ ನೆಣ ತಗೀತಾರ.'

ಮೊದಲು ನಕ್ಕವನು ಋಷಿಕೇಶ. ಆಮೇಲೆ ಹಿರಾಬಾಯಿ, ಮೊಣಕಾಲು ಹಿಡಿದುಕೊಂಡು, ಅಯ್ಯೋ ಅಯ್ಯೋ ಎನ್ನುತ್ತ. ಶುಭಾಂಗಿ ವೈನಿ ನಗಲಿಲ್ಲ. 'ನಡೀ ಮನಿಗೆ, ನಿನಗ ಐತಿ' ಎಂದು ಹಲ್ಲಿನ ಸಂದಿಯಿಂದ ಅಂದಳು. ಸರ್ ನಗಲೂ ಇಲ್ಲ, ಬೈಯಲೂ ಇಲ್ಲ. ಫೋನನ್ನು ಕೆಳಗಿಳಿಸಿ ಒಂದು ಕಿಸೆಯಲ್ಲಿ ಹಾಕಿದರು, ತೆಗೆದರು, ಆ ಕಿಸೆಯೊಳಗಿನ ಕಿಸೆಯಲ್ಲಿ ಹಾಕಿದರು, ಉಸುಕಿನ ಮೇಲೆ ತಾವೇ ಬರೆದ ದೂಧಗಂಗೆಯನ್ನು ತುಳಿದು ನೀರಿನ ಕಡೆ ನಡೆದುಬಿಟ್ಟರು. ಬೆಳಗಿನ ರೆಕಾರ್ಡನ್ನು ಆಗಲೇ ಮಂಡಳದ ಗ್ರೂಪಿಗೆ ಹಾಕಿದ್ದರೆಂದು ಕಾಣುತ್ತದೆ. ನಡೆಯುತ್ತಿದ್ದಂತೆ ಕಿಸೆಯೊಳಗಿನ ಕಿಸೆಯಿಂದ ಅಭಿನಂದನೆಗಳು ಒಂದರ ಹಿಂದೊಂದು ಟಿಂಗ್ ಟಿಂಗ್ ಎನ್ನುತ್ತಿದ್ದವು. ಆ ಸಪ್ಪಳ ದೂರವಾಗುತ್ತ ಹೋದದ್ದು ಲಗಮವ್ವನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಎಲ್ಲರೂ ಸಾಮಾನು ಗಾಡಿಗೆ ತುಂಬತೊಡಗಿದರು. ಬಿಸಿಲು ಇಳಿದಿತ್ತು. ಸರ್ ಒದ್ದೆ ಉಸುಕಿನ ಅಂಚಿಗೆ ಒಬ್ಬರೇ ಕೂತಿದ್ದರು, ಜಾಕೀಟಿನ ಬೆನ್ನು ಗೂನಾಗಿತ್ತು. ಬೆನ್ನಿನ ಹೊಲಿಗೆಯನ್ನು ಇನ್ನಷ್ಟು ಸಡಿಲ ಬಿಡಬೇಕಿತ್ತು ಎಂದು ಅವಳಿಗೆ ಇಂಥ ಹೊತ್ತಿನಲ್ಲೂ ಅನಿಸಿತು. ಪಾಪ, ಹುಡಗೂರ ಇಂವನ ಮಾತ ಕೇಳಿರಾಕಿಲ್ಲ. ಕೆಲವರ ದನಿ ಬೆಂಚಿನ ಮೇಲೆ ಕೂತರೆ ಕೇಳಿಸುವುದಿಲ್ಲ, ಕೆಲವರಿಗೆ ಬೆಂಚಿನ ಎದುರು ನಿಂತರೂ ಅದೇ ಗತಿ. ಅವಳು ಹೋಗಿ ಸ್ವಲ್ಪ ದೂರದಲ್ಲಿ ಕೂತಳು. ಕ್ಷಮಿಸಿ ಎನ್ನಬೇಕು ಎಂದು ಮನಸ್ಸಿನಲ್ಲಿ ಉರುಹೊಡೆದಳು. ಅದು ಬರಲಿಲ್ಲ. ಗಂಟಲು ಇವತ್ತಿನ ಪಾಲನ್ನು ಮುಗಿಸಿಬಿಟ್ಟಿತ್ತೇನೋ.

ತಿರುಗದೆಯೇ ಸರ್ ಕೇಳಿದರು: 'ಅರಿವಿ ತಿಂತಿತ್ತೇನು? ನಿಮ್ಮ ಕರಿಮೋರೀನೂ?' ಊಟದ ಹೊತ್ತಿನ ಮಾತು ಅವರ ಕಿವಿಗೂ ಬಿದ್ದಿತ್ತೇ? ಹಾಗಾದರೆ ಅವರಿಗೆ ಆಗಲೇ ಗೊತ್ತಿತ್ತೇ? ಅವಳು ಅವರ ಮುಖ ನೋಡಿದಳು. ಅಲ್ಲಿ ಏನೂ ಓದಲು ಆಗಲಿಲ್ಲ.

'ಇಲ್ರಿ. ನಮ್ಮದು ಕಾಗದಾ ತಿಂತಿತ್ತ. ನನ್ನ ಗಣಿತದ ಪುಸ್ತಕ ತಿಂದೈತಿ.'

'ಶಾಣ್ಯಾ ಇತ್ತು ಹಂಗಾರ.' ಆಮೇಲೆ, 'ಚಂದರಿ?'

ಚಂದರಿ ಹೇಗಿದ್ದಳು ಎಂದು ಅವಳನ್ನು ಇಲ್ಲಿಯತನಕ ಯಾರೂ ಕೇಳಿರಲಿಲ್ಲ. ಹೇಳಿದಳು. ಬೇಲಿಯ ಹತ್ತಿರ ನಿಲ್ಲುತ್ತಿದ್ದದ್ದು, ಮಳೆ ಬಂದರೆ ತಲೆಯನ್ನು ಬೇರೆಯವರ ಹೊಟ್ಟೆಯ ಕೆಳಗೆ ತೂರಿಸಿ ಇಡೀ ಮೈ ನೆನೆಸಿಕೊಳ್ಳುತ್ತಿದ್ದದ್ದು, ಹಿಂಡು ಎಲ್ಲ ಎದ್ದು ಹೊರಟ ಮೇಲೂ ಒಂದು ಗಳಿಗೆ ಹೆಚ್ಚು ಕೂತಿರುತ್ತಿದ್ದದ್ದು, ತವರಿಗೆ ಹೋದದ್ದು. ತವರಿನ ಮಾತಿಗೆ ಸರ್ ಮೊದಲ ಸಲ ಅವಳ ಕಡೆ ತಿರುಗಿದರು. ಏನೋ ಹೇಳಹೋಗಿ, 'ಇವು ಖರೇನ ಹೋಗ್ತಾವ' ಎಂದರು, ಆಣೆ ಮಾಡುವವರಂತೆ. 'ಮತ್ತ ಥಂಡ್ಯಾಗ ಬರ್ತಾವ.'

ಅವಳು ತಲೆಯಾಡಿಸಲಿಲ್ಲ. ನೋಡೋಣ ಎಂದುಕೊಂಡಳು.

ಆಗ ಹಿಂಡಿನ ಒಂದು ಬದಿ ಅಲುಗಿತು. ಕಾವಲು ನಿಂತದ್ದು ಕೂಗಿತು, ಅಂಚಿನಿಂದ ಅಂಚಿಗೆ ಬಟ್ಟೆ ಕೊಡವಿದಂತೆ ಎಲ್ಲವೂ ಒಮ್ಮೆಲೇ ಎದ್ದವು. ಗಾಡಿಯ ಹತ್ತಿರವಿದ್ದವರೂ ಕೆಲಸ ಬಿಟ್ಟು ನಿಂತರು. ಬಿಳಿಯ ಮೋಡವೊಂದು ನೀರಿನ ಮೇಲೆ ಒಂದು ಸುತ್ತು ಹಾಕಿ, ದಂಡೆಯನ್ನು ಹಿಡಿದು ಬಡಗಣದ ಕಡೆ ತಿರುಗಿತು. ಸರ್ ಎದ್ದುನಿಂತು, ದುರ್ಬೀನನ್ನು ಮರೆತು, ಕೈಯೆತ್ತಿ ಎಲ್ಲಕ್ಕೂ ಮುಂದಿದ್ದುದನ್ನು ತೋರಿಸುತ್ತ ಎಲ್ಲರಿಗೂ ಕೇಳುವಂತೆ ಕೂಗಿದರು: 'ನೋಡ್ರಿ ಲಗಮವ್ವಾ, ನಿಮ್ಮ ಚಂದರಿ ಹೊಂಟಳು!'

ಲಗಮವ್ವ ನೋಡಿದಳು. ಬರಿಗಣ್ಣಿನಿಂದ, ಕೈಯನ್ನು ಹಣೆಗೆ ಅಡ್ಡ ಹಿಡಿದು.

'ಅಕಿ ಚಂದರಿ ಅಲ್ರೀ ಸರ' ಎಂದಳು. ದನಿ ಸಮುದ್ರದ ಸಪ್ಪಳವನ್ನು ದಾಟಿ ಸುರುವಿನ ಮರಗಳ ತನಕ ಹೋಯಿತು. ಖಾಲಿಯಾದ ಉಸುಕಿನ ದಿಬ್ಬದ ಕಡೆ, ಅಲ್ಲಿ ಗಾಳಿಗೆ ಮುಖ ಕೊಟ್ಟು ಸುಮ್ಮನೆ ಕೂತಿದ್ದ ಒಂಟಿ ಹಕ್ಕಿಯ ಕಡೆ ಬೆರಳು ಮಾಡಿದಳು. 'ಚಂದರಿ ಇನ್ನಾ ಕೂತಾಳ.'